ಸಾಕ್ಷಿಯ ಜಾಗದಲ್ಲಿ ಹುಲಿಗೆಪ್ಪ

ಯಾವ ಬಸ್ಸಿನ ಬೆನ್ನಿನ ಮೇಲೆ ಧೂಳು ಚೆನ್ನಾಗಿ ಕೂತಿದೆ ಎಂದು ಹುಡುಕಿಕೊಂಡು ನಿಲ್ದಾಣದಲ್ಲಿ ತಿರುಗುವ ಮನುಷ್ಯನನ್ನು ನಾನು ಮಾನ್ವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಹುಲಿಗೆಪ್ಪ ಹಾಗೆ ತಿರುಗುತ್ತಿದ್ದ. ಒಳ್ಳೆಯ ಧೂಳು ಸಿಕ್ಕರೆ ಎಡಗೈಯ ತೋರುಬೆರಳಿನಿಂದ ತನ್ನ ಹೆಸರನ್ನು ದೊಡ್ಡದಾಗಿ ಬರೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ. ಅವನ ಅಂಗಿಯ ಬಲತೋಳನ್ನು ಮೊಣಕೈಗಿಂತ ಮೇಲೆಯೇ ಮಡಚಿ ಹೊಲಿದಿತ್ತು. ಕಂಡಕ್ಟರುಗಳು ಬೈದರೆ ನಗುತ್ತಿದ್ದ.

“ಇರ್ಲಿ ಬಿಡ್ರಿ. ನನ್ನ ಹೆಸರು ರಾಯಚೂರು ನೋಡ್ಕೊಂಡು ಸಂಜಿಕ ಬರ್ತದ. ಅದಕೂ ಟಿಕೀಟ ಹರೀತೀರೇನು?”

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಾನ್ವಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಂಗವಿಕಲರ ಮಾಸಾಶನದ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ಹಾಸ್ಟೆಲಿನಲ್ಲಿ ಬೆಳೆದವನು ನಾನು; ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಉಣ್ಣುವುದು. ನೌಕರಿಗೆ ಸೇರಿದ ಮೇಲೂ ಹನ್ನೊಂದಕ್ಕೆ ಚಹಾ, ಒಂದೂವರೆಗೆ ಬುತ್ತಿ. ಅದರಲ್ಲಿ ಐದು ನಿಮಿಷ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಹುಲಿಗೆಪ್ಪನಿಗೋ ಕೂತು ಗೊತ್ತಿರಲಿಲ್ಲ. ಬೆಂಚು ತೋರಿಸಿದರೆ ಅದರ ಅಂಚನ್ನು ಮುಟ್ಟಿ, ಮತ್ತೆ ವರಾಂಡದ ಆ ತುದಿಗೆ ಹೋಗಿಬಿಡುತ್ತಿದ್ದ. ಕಚೇರಿಯ ಗೇಟಿನೊಳಗೆ ನಾನು ಅವನಿಗೆ “ಸಾಹೇಬ್ರ”. ಗೇಟು ದಾಟಿ ಚಹಾದಂಗಡಿಗೆ ಬಂದರೆ “ಲೇ ತಮ್ಮಾ”. ನನಗಿಂತ ಹದಿನೈದು ವರ್ಷ ದೊಡ್ಡವನು, ಎರಡೂ ಸರಿಯೇ ಎಂದು ಒಪ್ಪಿಕೊಂಡಿದ್ದೆ.

ಅವನ ಕೈ ಹೋದದ್ದು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ. ಯಂತ್ರದ ಪಟ್ಟಿ ಅಂಗಿಯ ತೋಳನ್ನು ಹಿಡಿಯಿತು, ಅಂಗಿಯ ಜೊತೆ ಕೈಯನ್ನೂ ಎಳೆದುಕೊಂಡಿತು. ಅದೇ ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದ ಅವನ ಹೆಂಡತಿ ಈರಮ್ಮ ಅಂದೇ ಕೆಲಸ ಬಿಟ್ಟಳು. ಗಂಡನಿಗೆ ಮೈ ತೊಳೆಯಬೇಕು, ಧೋತರ ಉಡಿಸಬೇಕು, ರುಮಾಲು ಸುತ್ತಬೇಕು. ಇಬ್ಬರೂ ತಮ್ಮೂರಾದ ಮಾನ್ವಿಗೆ ಮರಳಿದರು. ಅವಳು ಆಗೊಮ್ಮೆ ಈಗೊಮ್ಮೆ ಅರ್ಧ ದಿನ ಕಳೆ ತೆಗೆಯಲು ಹೋಗುತ್ತಿದ್ದಳು. ಅದಕ್ಕೆ ಕಾಗದವಿರಲಿಲ್ಲ. ಕಾಗದವಿಲ್ಲದ್ದು ಕಚೇರಿಗೆ ಗೊತ್ತಿರುವುದಿಲ್ಲ.

ಮಾಸಾಶನ ಮಂಜೂರಾದ ದಿನ ಹೆಬ್ಬೆಟ್ಟು ಒತ್ತಲು ನಾನು ಶಾಯಿಯ ಡಬ್ಬಿ ತೆರೆದೆ. ಅವನು ಕೈಯನ್ನು ಹಿಂದೆ ಎಳೆದುಕೊಂಡ.

“ಇರಾದು ಒಂದ ಕೈ ಸಾಹೇಬ್ರ. ಅದರಾಗೂ ಹೆಬ್ಬಟ್ಟ ಒಂದ ದುಡೀಬೇಕೇನು? ಉಳಿದ ನಾಕು ಬಳ್ಳು ಸುಮ್ಮನ ಕುಂತು ಉಣ್ಣಾಕೇನ್ರಿ? ಸಹಿ ಕಲಿಸ್ರಿ.”

ಚಹಾದಂಗಡಿಯಲ್ಲಿ ಸಿಗರೇಟು ಪಾಕೀಟಿನ ಹಾಳೆಯ ಮೇಲೆ ಅವನ ಹೆಸರು ಬರೆದುಕೊಟ್ಟೆ. ಅಂದಿನಿಂದ ಅವನು ಬರೆಯದ ಜಾಗವಿಲ್ಲ. ಇದ್ದಿಲಿನಿಂದ ಗೋಡೆಗೆ, ಕಡ್ಡಿಯಿಂದ ಕೆರೆಯ ದಂಡೆಗೆ, ಬೆರಳಿನಿಂದ ಬಸ್ಸುಗಳಿಗೆ. ಒಂದು ತಿಂಗಳು ಕಳೆದು, ಮನಿಯಾರ್ಡರ್ ಫಾರ್ಮಿನ ಮೇಲೆ ಮೊದಲ ಸಹಿ ಮಾಡಿದ. ಕೊನೆಯ ಅಕ್ಷರ ಗೆರೆಯಿಂದ ಹೊರಗೆ ಬಿದ್ದಿತ್ತು. ಪೋಸ್ಟ್‌ಮನ್ ತಕರಾರು ಮಾಡಲಿಲ್ಲ. ಆ ಸಣ್ಣ ಮೊತ್ತವನ್ನು ಹುಲಿಗೆಪ್ಪ ಮಾಸಾಶನ ಎನ್ನಲಿಲ್ಲ, ಪಿಂಚಣಿ ಎನ್ನಲಿಲ್ಲ. “ನನ್ನ ಪಗಾರ” ಎನ್ನುತ್ತಿದ್ದ. ಪೋಸ್ಟ್‌ಮನ್ ಬರುವ ದಿನ ಒಗೆದ ಅಂಗಿ ಹಾಕಿ, ಓಣಿಯ ಬಾಯಿಗೇ ಹೋಗಿ ನಿಲ್ಲುತ್ತಿದ್ದ. ಓಣಿಯವರ ಎದುರಿಗೆ ಸಹಿ ಮಾಡಬೇಕು, ಅದು ಮುಖ್ಯ.

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಅವನು ಮೇಜಿನ ಮುಂದಿದ್ದ. ಕೈಯಲ್ಲಿ ಈರಮ್ಮನ ಹೆಸರಿನ ಒಂದು ಸರಕಾರಿ ಆದೇಶ. ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಹದಿನೈದು ದಿನದೊಳಗೆ ಹಾಜರಾಗಬೇಕು.

“ಬೇಶ್ ಆತಲ್ಲೋ ಹುಲಿಗೆಪ್ಪಣ್ಣ,” ಎಂದೆ.

“ಆತ್ರಿ. ಆಕಿ ಕುಣ್ಯಾಕತ್ತಾಳ. ಸುಮ್ಮನ ಕುಂತು ಕುಂತು ಕೈ ಜಡ್ಡು ಹಿಡದಾವ, ಮತ್ತ ಕೆಲಸಕ್ಕ ಹೋಗ್ತೀನಿ ಅಂತಾಳ. ಅದ ಇರ್ಲಿ. ನನ್ನ ಪಗಾರದ ಗತಿ ಏನು?”

ನಿಯಮ ನನಗೆ ಬಾಯಿಪಾಠವಿತ್ತು. ಕುಟುಂಬದ ಆದಾಯ ಮಿತಿಯನ್ನು ಮೀರಿದರೆ ಮಾಸಾಶನ ನಿಲ್ಲುತ್ತದೆ. ಹೆಂಡತಿಯ ಸಂಬಳ ಕುಟುಂಬದ ಆದಾಯವೇ. ಹೇಳಿದೆ. ಅವನು ಮೇಜಿನ ಈ ಬದಿಯಿಂದ ಆ ಬದಿಗೆ ಹೋಗಿ ನಿಂತ.

“ಒಂದ ಮಾತು ಕೇಳ್ತೀನಿ ಸಾಹೇಬ್ರ. ಕೈ ಹೋಗಿದ್ದು ನಂದೋ, ಕುಟುಂಬದ್ದೋ?”

ನಾನು ಆದೇಶವನ್ನು ಮಡಚಿ ಅವನತ್ತ ಸರಿಸಿದೆ.

“ಆಕಿ ಪಗಾರ ಬಂತಂದ್ರ ನನ್ನ ಕೈ ಚಿಗೀತದೇನು?”

ಅವಳ ಸಂಬಳ ಇದರ ಎಷ್ಟೋ ಪಟ್ಟು ದೊಡ್ಡದು, ಮನೆಗೆ ಲಾಭವೇ ಎಂದು ಲೆಕ್ಕ ಬಿಡಿಸಿ ಹೇಳಿದೆ. ಅವನು ಲೆಕ್ಕ ತಿಳಿಯದವನಲ್ಲ. “ರೊಕ್ಕದ ಮಾತು ಯಾರು ಆಡಾಕತ್ತಾರ? ತಿಂಗಳಿಗೊಮ್ಮಿ ನನ್ನ ಹೆಸರ ಮ್ಯಾಲ ಬರೋದು ಅದೊಂದ ಐತಿ,” ಎಂದು ಹೊರಗೆ ಹೋದ. ಅಂದು ನನ್ನ ಹನ್ನೊಂದರ ಚಹಾ ತಣ್ಣಗಾಯಿತು.

ಮುಂದಿನ ಹತ್ತು ದಿನ ಅವನು ಬರುವುದು, ಹೋಗುವುದು, ಮತ್ತೆ ಬರುವುದು. ಕಿಟಕಿಯಾಚೆ ರುಮಾಲು ಹಾದುಹೋದರೆ ನನ್ನ ಕೂಡುವ ಲೆಕ್ಕ ತಪ್ಪುತ್ತಿತ್ತು. ಹೋಗಬೇಡ ಎಂದು ಹೆಂಡತಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೋಗು ಎನ್ನಲೂ ಬರಲಿಲ್ಲ. ಈ ನಡುವೆ ಅರ್ಜಿ ಬರೆಯುವ ಒಬ್ಬ ಅವನಿಗೊಂದು ದಾರಿ ತೋರಿಸಿದ್ದ: ಗಂಡ ಹೆಂಡತಿ ಬೇರೆಯಾಗಿದ್ದಾರೆ ಎಂದು ಬರೆಸಿ, ರೇಷನ್ ಕಾರ್ಡು ಎರಡು ಮಾಡಿಸಿದರೆ ಆಯಿತು, ಅವಳ ಸಂಬಳ ಅವಳದು, ಇವನ ಪಗಾರ ಇವನದು. ಹುಲಿಗೆಪ್ಪ ಆ ಕಾಗದವನ್ನು ನನ್ನ ಮುಂದೆ ಇಟ್ಟ. ನಾನು ಓದಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಈರಮ್ಮ ನಿಂತಿದ್ದಳು. ತೆಳ್ಳಗಿನ, ಉದ್ದನೆಯ ಹೆಂಗಸು. ಗಂಡನ ಬೆನ್ನು ಹತ್ತಿ ಓಡಿ ಬಂದಿದ್ದಳೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದಳು.

“ಬರಕೋರಿ ಸಾಹೇಬ್ರ, ಬ್ಯಾರೆ ಆಗೀವಿ ಅಂತ ಬರಕೋರಿ,” ಎಂದಳು. “ಆದ್ರ ಮೊದಲ ಇವನ ತಲಿಮ್ಯಾಗಿನ ರುಮಾಲ ಬಿಚ್ಚಿಡ್ರಿ. ಈಗ ಸುತ್ತಿ ಕಳಿಸೀನಿ, ಬೆಚ್ಚಗ ಐತಿ ಇನ್ನ. ಧೋತರಾನೂ ನಾನ ಉಡಿಸಿದ್ದು. ಅದನ್ನೂ ಬಿಚ್ಚಿಡ್ಲಿ. ಆಮ್ಯಾಲ ಬರಕೋರಿ, ಹೆಂಡ್ತಿ ಬಿಟ್ಟಾಳ ಅಂತ.”

ಇಡೀ ಕಚೇರಿ ನಕ್ಕಿತು. ಹುಲಿಗೆಪ್ಪ ಒಂದು ಕೈಯಿಂದ ಧೋತರ ಹಿಡಿದುಕೊಂಡು, “ಸುಮ್ಮನಿರ ಬೇ,” ಎಂದ. ಅವನೂ ನಗುತ್ತಿದ್ದ. ಅವಳು ಮಾತ್ರ ನಗಲಿಲ್ಲ. “ನಿನಗ ಪಗಾರ ಬೇಕಾದ್ರ ನಾ ಹೋಗಂಗಿಲ್ಲ. ಕಾಗದದಾಗ ಮಾತ್ರ ನಿನ್ನ ಬಿಡಂಗಿಲ್ಲ,” ಎಂದು ಹೇಳಿ ಹೊರಟುಹೋದಳು.

ಹದಿಮೂರನೆಯ ದಿನ ಅವನು ಬಂದದ್ದು ಬಿಳಿ ಹಾಳೆಯೊಂದಿಗೆ. “ನನ್ನ ಪಗಾರ ನಿಲ್ಲಿಸ್ರಿ ಅಂತ ಅರ್ಜಿ ಬರೀತೀನಿ,” ಎಂದ. ಅರ್ಜಿಯ ಅಗತ್ಯವಿಲ್ಲ, ನಾನೇ ಟಿಪ್ಪಣಿ ಬರೆದು ನಿಲ್ಲಿಸುತ್ತೇನೆ ಎಂದೆ.

“ನೀವು ನಿಲ್ಲಿಸಿದ್ರ ನನ್ನ ಕಡಿಂದ ಕಸಗೊಂಡಂಗ. ನಾ ಬರದ್ರ ನಾ ಬಿಟ್ಟಂಗ. ಒಂದೊಂದ ಅಕ್ಷರ ಹೇಳ್ರಿ.”

ಅವನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೆಡೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೆಸರಿನ ಅಕ್ಷರಗಳನ್ನು ಬಿಟ್ಟರೆ ಬೇರೇನೂ ಅವನಿಗೆ ಬಾರದು. ಹಾಳೆ ಜಾರದಂತೆ ನಾನು ಒತ್ತಿ ಹಿಡಿದೆ. ಒಂದೊಂದು ಅಕ್ಷರವನ್ನೂ ಬೇರೆ ಹಾಳೆಯಲ್ಲಿ ಬರೆದು ತೋರಿಸಿದೆ, ಅವನು ನೋಡಿ ತಿದ್ದಿದ. ಹೆಂಡತಿಗೆ ಕೆಲಸ ಸಿಕ್ಕಿದೆ, ನನ್ನ ಮಾಸಾಶನ ನಿಲ್ಲಿಸಿರಿ: ಇಷ್ಟೇ. ಒಂದೂವರೆಯಾಯಿತು, ಎರಡೂ ಆಯಿತು, ನಾನು ಬುತ್ತಿ ಬಿಚ್ಚಲಿಲ್ಲ. ಕೊನೆಗೆ ಸಹಿ ಮಾತ್ರ ಯಾರ ಸಹಾಯವೂ ಇಲ್ಲದೆ, ಒಂದೇ ಎಳೆತದಲ್ಲಿ ಬಂತು.

ಆ ಅರ್ಜಿಯ ಕೆಳಗೆ ನಿಯಮದ ಪ್ರಕಾರ ನಾನು ಟಿಪ್ಪಣಿ ಬರೆದೆ. ಬರೆದದ್ದು ಸರಿ. ಕೈ ಹೋಗಿದ್ದು ಯಾರದೆಂದು ಅವನು ಕೇಳಿದ ಪ್ರಶ್ನೆಗೆ ಮಾತ್ರ ಆ ಟಿಪ್ಪಣಿಯಲ್ಲಿ ಜಾಗವಿರಲಿಲ್ಲ.

ಈರಮ್ಮ ದೇವದುರ್ಗಕ್ಕೆ ಹೋದಳು. ಹೆಣ್ಣುಮಕ್ಕಳ ಹಾಸ್ಟೆಲಾದ್ದರಿಂದ ಗಂಡ ಅಲ್ಲಿರುವಂತಿಲ್ಲ; ಹತ್ತಿರ ಒಂದು ಕೋಣೆ ಹಿಡಿಯುವವರೆಗೆ ಹುಲಿಗೆಪ್ಪ ಮಾನ್ವಿಯಲ್ಲೇ ಉಳಿದ. ರುಮಾಲಿನ ಒಂದು ತುದಿಯನ್ನು ಬಾಗಿಲ ಮೊಳೆಗೆ ಸಿಕ್ಕಿಸಿ, ತಾನೇ ಗಿರಗಿರನೆ ಸುತ್ತಿ ಸುತ್ತಿ ತಲೆಗೆ ಕಟ್ಟಿಕೊಳ್ಳುವುದನ್ನು ಕಲಿತ. ಧೋತರ ಬಿಟ್ಟು ಚಡ್ಡಿ ಹಾಕಿದ. ಪೋಸ್ಟ್‌ಮನ್ ಬರುವ ದಿನ ಮಾತ್ರ ಅವನಿಂದ ತಡೆಯಲಾಗಲಿಲ್ಲ. ಒಗೆದ ಅಂಗಿ ಹಾಕಿ ಓಣಿಯ ಬಾಯಲ್ಲಿ ನಿಂತ; ಪೋಸ್ಟ್‌ಮನ್ ಸೈಕಲ್ ನಿಲ್ಲಿಸದೆ ಹೋದಾಗ ಅವನ ಹಿಂದೆಯೇ ಓಣಿಯ ಕೊನೆಯವರೆಗೂ ನಡೆದು, ಬರಿಗೈಯಲ್ಲಿ ಹಿಂತಿರುಗಿದ. ಮರುತಿಂಗಳು ಕೋಣೆ ಸಿಕ್ಕಿತೆಂದು ಊರು ಬಿಟ್ಟ.

ಎರಡು ವರ್ಷದ ಮೇಲೆ ನನಗೂ ದೇವದುರ್ಗಕ್ಕೆ ವರ್ಗವಾಯಿತು. ಹಾಸ್ಟೆಲಿನ ಕಡತಗಳನ್ನು ನೋಡಲು ಹೋದ ದಿನ ಸಂಬಳದ ಪಟ್ಟಿಯಲ್ಲಿ ಈರಮ್ಮನ ಹೆಬ್ಬೆಟ್ಟಿನ ಗುರುತು ಕಂಡೆ. ಅದರ ಪಕ್ಕದಲ್ಲಿ, ಹೆಬ್ಬೆಟ್ಟು ಇವಳದೇ ಎಂದು ಅಕ್ಷರ ಬಲ್ಲವರು ಸಾಕ್ಷಿ ಹಾಕುವ ಜಾಗದಲ್ಲಿ, ಗೆರೆಯಿಂದ ಹೊರಗೆ ಬಿದ್ದ ಆ ಕೊನೆಯ ಅಕ್ಷರ. ಅವನು ಬಂದ ತಿಂಗಳಿನಿಂದ ತಪ್ಪದೆ ಇಪ್ಪತ್ತನಾಲ್ಕು ಸಹಿ.

“ನಾನೇ ಹಾಕ್ತೀನಪ್ಪ ಅಂದ್ರ ಕೇಳಾಂಗಿಲ್ರಿ,” ಎಂದರು ಹಾಸ್ಟೆಲಿನ ವಾರ್ಡನ್ ಬಾಯಿಯವರು. “ನನ್ನ ಹೆಂಡ್ತಿ ಹೆಬ್ಬಟ್ಟಿಗೆ ಊರ ಮಂದಿ ಸಾಕ್ಷಿ ಯಾಕ ಅಂತಾನ. ಪಗಾರದ ದಿನ ಆಕಿಗಿಂತ ಮೊದಲ ಬಂದು ವರಾಂಡದಾಗ ತಿರಗ್ಯಾಡತಿರತಾನ.”

ಅವನ ಕೋಣೆಗೂ ಹೋದೆ. ಒಲೆಯ ಮುಂದೆ ಬೂದಿ ಹರಡಿ, ಈರಮ್ಮನ ಬೆರಳು ಹಿಡಿದು, ಸಂಬಳದ ಪಟ್ಟಿ ನೋಡಿ ತಾನು ಕಲಿತಿದ್ದ ಅವಳ ಹೆಸರು ತಿದ್ದಿಸುತ್ತಿದ್ದ. “ಲೇ ತಮ್ಮಾ, ನೋಡಿಲ್ಲಿ, ಇಕಿಗೆ ಎರಡು ಕೈ ಅದಾವ, ಒಂದರಾಗೂ ನೆಟ್ಟಗ ಬರಂಗಿಲ್ಲ!” ಈರಮ್ಮ ಬೂದಿಯ ಕೈಯಿಂದಲೇ ಅವನ ಬೆನ್ನಿಗೆ ಗುದ್ದಿದಳು. ಈ ಪಾಠ ಎಲ್ಲಿಗೆ ಮುಟ್ಟುತ್ತದೆ ಎಂದು ನನಗೆ ಆಗಲೇ ಹೊಳೆದಿತ್ತು. ಹೇಳಲಿಲ್ಲ.

ನಾನು ರಾಯಚೂರಿಗೆ ವರ್ಗವಾಗಿ ಹೊರಡುವ ವಾರವೇ ಆ ಪಗಾರದ ದಿನ ಬಂತು; ನಾನೂ ಹಾಸ್ಟೆಲಿಗೆ ಹೋಗಿದ್ದೆ. ವಾರ್ಡನ್ ಬಾಯಿ ಶಾಯಿಯ ಡಬ್ಬಿ ತೆರೆದರು. ಈರಮ್ಮ ಅದನ್ನು ಮುಟ್ಟಲಿಲ್ಲ. ಗಂಡನ ಜೇಬಿನಿಂದ ಪೆನ್ನು ತೆಗೆದುಕೊಂಡು, ತುಟಿ ಕಚ್ಚಿ ಹಿಡಿದು, ತನ್ನ ಹೆಸರು ಬರೆದಳು. ನಾವೆಲ್ಲ ಬೇಶ್ ಬೇಶ್ ಎಂದೆವು. ಹುಲಿಗೆಪ್ಪ ಎಲ್ಲರಿಗಿಂತ ಜೋರಾಗಿ ಹೇಳಿದ. ಆಮೇಲೆ ಪೆನ್ನು ಇಸಿದುಕೊಂಡು ತನ್ನ ಜಾಗಕ್ಕೆ ಬಗ್ಗಿದ.

“ಇನ್ನ ಸಾಕ್ಷಿ ಬೇಕಾಗಿಲ್ಲಪ್ಪ,” ಎಂದರು ವಾರ್ಡನ್ ಬಾಯಿ.

ಅವನು ಪೆನ್ನನ್ನು ಕಾಗದದಿಂದ ಎತ್ತಿದ. ಮೇಲೆದ್ದು ನನ್ನ ಕಡೆ ನೋಡಿದ. “ಎರಡನೇ ಸಲ ನೋಡ್ರಿ ಸಾಹೇಬ್ರ. ಇದನ್ನೂ ನನ್ನ ಕೈಲೆ ನಾನ ನಿಲ್ಲಿಸಿಕೊಂಡೆ,” ಎಂದು ನಕ್ಕು, ಪೆನ್ನನ್ನು ಈರಮ್ಮನ ಕೈಗೆ ಕೊಟ್ಟು, ದಡದಡನೆ ಹೊರಟ.

ನಾನೂ ಹಿಂದೆ ಹೋದೆ. ನಿಲ್ದಾಣದಲ್ಲಿ ಗಬ್ಬೂರಿನ ಮೇಲೆ ರಾಯಚೂರಿಗೆ ಹೋಗುವ ಬಸ್ಸು ಗುರುಗುಡುತ್ತಾ ನಿಂತಿತ್ತು, ಬೆನ್ನಿನ ತುಂಬ ಕೆಂಪು ಧೂಳು. ಹುಲಿಗೆಪ್ಪ ಅದರತ್ತ ಹೋಗಿ ಬೆರಳೆತ್ತಿದ. ತನ್ನ ಹೆಸರು ಬರೆಯುತ್ತಾನೆಂದುಕೊಂಡೆ. ಅವನು ಈರಮ್ಮ ಎಂದು ಬರೆದ. ಅದರ ಕೆಳಗೆ, ಬಲಗಡೆಗೆ, ಸಂಬಳದ ಪಟ್ಟಿಯಲ್ಲಿ ಹಾಕುತ್ತಿದ್ದ ಹಾಗೆ, ಅದಕ್ಕಿಂತ ಸ್ವಲ್ಪ ಸಣ್ಣದಾಗಿ ತನ್ನ ಸಹಿ ಹಾಕಿದ. ಕಂಡಕ್ಟರ್ ಸೀಟಿ ಊದಿದ. ಆಮೇಲೆ ನಾನು ಹುಲಿಗೆಪ್ಪನನ್ನು ಕಾಣಲಿಲ್ಲ. ಮೂರು ವರ್ಷಕ್ಕೆ ಅವನು ತೀರಿಕೊಂಡ ಸುದ್ದಿ ರಾಯಚೂರಿಗೆ ಬಂತು. ಆ ಪಗಾರದ ದಿನ ಮಾತ್ರ ನಾನೂ ಅವನೂ ನಿಂತು ನೋಡಿದೆವು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಎರಡೂ ಹೆಸರು ಓದಲು ಬರುತ್ತಿತ್ತು.