ದಲ್ಲಾಳಿಯ ನೀಲಿ ಶರ್ಟು

ನಮ್ಮ ಓಣಿಯ ಇಸ್ತ್ರಿ ಅಕ್ಕ ಯಾರ ಮುಖವನ್ನೂ ನೆಟ್ಟಗೆ ನೋಡಿದವಳಲ್ಲ. ಕೆಂಡದ ಪೆಟ್ಟಿಗೆಯ ಮೇಲೆ ಬಗ್ಗಿದ ತಲೆ ಎತ್ತದೆ, ಕಣ್ಣಂಚಿನಲ್ಲಿ ಹಾದುಹೋದ ಬಟ್ಟೆ ನೋಡಿಯೇ ಆಳು ಯಾರೆಂದು ಹೇಳುತ್ತಿದ್ದಳು. "ಏನ್ ಮೇಷ್ಟ್ರೇ, ಗುಂಡಿ ಕಿತ್ತಿದೆ, ಹೆಂಡ್ತಿ ಊರಲ್ಲಿಲ್ವಾ?" ಎಂದು ಕೇಳಿದರೆ ಎದುರಿನ ಹೊಲಿಗೆ ಅಂಗಡಿಯಲ್ಲಿ ಕೂತ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವಳ ಕೋಪಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ. ಕುಡಿದು ಬಂದು ಕೈಯೆತ್ತಿದ ಗಂಡನ ಅಂಗೈಗೆ ಸುಡುವ ಪೆಟ್ಟಿಗೆ ಒತ್ತಿದ್ದಳು. ಓಡಿದವನು ತಿರುಗಿ ಬರಲಿಲ್ಲ. ಒಳ್ಳೆಯದೇ ಆಯಿತು ಅಂತ ಆಗಲೂ ಅಂದೆ, ಈಗಲೂ ಅನ್ನುತ್ತೇನೆ.

ಅವಳಿಗೆ ಉಳಿದವನು ತಮ್ಮ ಒಬ್ಬನೇ. ತಾಯಿ ಸತ್ತಾಗ ಅವನಿನ್ನೂ ಎಳೆಗೂಸು. ಇವಳೇ ಎತ್ತಿ ಆಡಿಸಿ ಸಾಕಿದಳು. ಬೆಳೆದು ಲಾರಿ ಡ್ರೈವರ್ ಆದ. ಓಣಿಯ ಬಾಯಲ್ಲಿದ್ದ ಒಂದೇ ಕೋಣೆಯಲ್ಲಿ ಇಬ್ಬರ ವಾಸ, ಬಾಗಿಲ ಪಕ್ಕದಲ್ಲೇ ಇಸ್ತ್ರಿ ಮೇಜು. "ನಾನು ಸತ್ರೂ ಇವನ ತಲೆ ಮೇಲೆ ಈ ಸೂರು ಇರ್ಬೇಕು" ಎಂದು ದಿನಾ ಹೇಳುತ್ತಿದ್ದಳು.

ಆ ಸೂರಿನ ಮೇಲೇ ಕಣ್ಣು ಬಿತ್ತು. ಓಣಿಯ ಹಿಂದಿನ ಬಯಲಿನಲ್ಲಿ ಬಹುಮಹಡಿ ಮನೆಗಳು ಏಳಲಿವೆ, ಅವರ ಕಾರುಗಳಿಗೆ ದಾರಿ ಅಗಲ ಮಾಡಬೇಕು, ಅದಕ್ಕೆ ಅಕ್ಕನ ಕೋಣೆ ಕೆಡವಬೇಕು ಎಂದು ದಲ್ಲಾಳಿ ಹೇಳಿಕೊಂಡು ತಿರುಗಿದ. ಅವನೂ ನಮ್ಮ ಓಣಿಯವನೇ, ಅದೇ ಹೊಟ್ಟೆ ಉರಿಸುವುದು.

ಮೇಷ್ಟ್ರ ಮನೆಯಲ್ಲಿ ಎಲ್ಲರೂ ಸೇರಿದೆವು. ಈಗಲೇ ನಲ್ಲಿ ತೊಟ್ಟಿಕ್ಕುತ್ತದೆ, ಈಗಲೇ ಚರಂಡಿ ಉಕ್ಕುತ್ತದೆ, ಇನ್ನು ಅಷ್ಟು ಮನೆಗಳ ಕೊಳಕು ಎಲ್ಲಿಗೆ ಹರಿಯುತ್ತದೆ? ನಮ್ಮ ಅಂಗಳಕ್ಕೆ ಬಿಸಿಲು ಬೀಳುತ್ತದೆಯೇ? ಒಬ್ಬೊಬ್ಬರದು ಒಂದೊಂದು ಗೋಳು. ಅರ್ಜಿ ಕೊಡೋಣ ಅಂದರು ಮೇಷ್ಟ್ರು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಕೊಡಿ ಮೇಷ್ಟ್ರೇ, ಬೇಡ ಅಂದೋರ್ಯಾರು? ನನ್ನ ಬಾಗಿಲಿಗೆ ಗೂಟ ಹೊಡಿಯೋಕೆ ಬಂದೋನಿಗೆ ನಾನು ಬರೆ ಹಾಕ್ತೀನಿ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಒಂದು ಬೆಳಗ್ಗೆ ಅಳತೆಯವರು ಬಂದರು, ಕಾವಲಿಗೆ ದಲ್ಲಾಳಿಯ ದಾಂಡಿಗರು. ಅಕ್ಕನ ಹೊಸ್ತಿಲ ಮುಂದೆಯೇ ಮೊದಲ ಗೂಟ ಬಿತ್ತು. ಮರುಕ್ಷಣ ಓಣಿಗೆ ಓಣಿಯೇ ಬೀದಿಗಿಳಿಯಿತು. ಕಲ್ಲು, ಕಬ್ಬಿಣದ ಸಲಾಕೆ, ಕಿತ್ತ ಬಾಗಿಲ ಚಿಲಕ, ಕೈಗೆ ಸಿಕ್ಕಿದ್ದೇ ಆಯುಧ. ನಮ್ಮ ಓಣಿಯ ಗಾರೆ ಕೆಲಸದವನ ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಒಬ್ಬ ದಾಂಡಿಗ ತನ್ನ ಹಲ್ಲನ್ನು ತಾನೇ ಉಗುಳಿದ. ಅಕ್ಕ ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ಅಳತೆಯವರನ್ನು ಓಣಿಯ ಆ ತುದಿಯವರೆಗೂ ಅಟ್ಟಿಸಿಕೊಂಡು ಹೋದಳು.

ಈ ಕಡೆ ನಾಲ್ಕು ಜನ ದಾಂಡಿಗರು ಅವಳ ತಮ್ಮನನ್ನು ಕೆಡವಿ ಕಲ್ಲಿನ ಮೇಲೆ ಎಳೆದರು. ಅಂಗಿ ಚಿಂದಿಯಾಯಿತು, ಬೆನ್ನಿನ ಚರ್ಮ ಸುಲಿಯಿತು. ಹೇಗೋ ಬಿಡಿಸಿಕೊಂಡು ಬಂದವನು ಇಸ್ತ್ರಿ ಮೇಜಿನ ಮೇಲೆ ಮಡಿಸಿಟ್ಟ ನೀಲಿ ಶರ್ಟು ಎಳೆದುಕೊಂಡ. ದಲ್ಲಾಳಿಯ ಶರ್ಟು ಅದು. ಬಟ್ಟೆ ಏನು ತಪ್ಪು ಮಾಡಿದೆ ಅಂತ ಅಕ್ಕ ಅವನದ್ದನ್ನೂ ಇಸ್ತ್ರಿ ಮಾಡುತ್ತಿದ್ದಳು.

"ಅಯ್ಯೋ, ಅದನ್ಯಾಕೆ ಹಾಕ್ತೀಯೋ?" ಅಂದೆ.

"ಅಕ್ಕ ಈ ರಕ್ತ ನೋಡಿದ್ರೆ ಇವತ್ತು ಯಾರನ್ನಾದ್ರೂ ಕೊಂದೇ ಬಿಡ್ತಾಳೆ" ಎನ್ನುತ್ತ ಗುಂಡಿ ಹಾಕಿಕೊಂಡ. ಹೋಗಿ ಹೊಸ್ತಿಲ ಮುಂದಿನ ಗೂಟವನ್ನು ಎರಡೂ ಕೈಯಿಂದ ಹಿಡಿದು, ಬಗ್ಗಿ, ಕೀಳತೊಡಗಿದ.

ಅಕ್ಕ ತಿರುಗಿ ಬಂದಳು. ಅವಳಿಗೆ ಕಂಡದ್ದು ತನ್ನ ಬಾಗಿಲು, ಗೂಟ, ಅದರ ಮೇಲೆ ಬಗ್ಗಿದ ನೀಲಿ ಶರ್ಟು. ನಾನು "ಅಕ್ಕಾ!" ಎಂದು ಕಿರುಚಿದೆ. ಅಷ್ಟರಲ್ಲಿ ಪೆಟ್ಟಿಗೆ ತಲೆಯ ಹಿಂಭಾಗಕ್ಕೆ ಬಿದ್ದಿತ್ತು. ಮುಚ್ಚಳ ತೆರೆದು ಕೆಂಡವೆಲ್ಲ ಕತ್ತಿನ ಮೇಲೆ ಸುರಿಯಿತು. ಸುಟ್ಟ ಮಾಂಸದ ವಾಸನೆ ಎದ್ದಿತು. ಅವನು ಹೊರಳಿ ಮುಖ ಮೇಲಾದಾಗಲೇ ಅವಳು ನೋಡಿದ್ದು. ಬರಿಗೈಯಿಂದ ಆ ಕೆಂಡಗಳನ್ನು ಬಾಚಿ ಬಾಚಿ ಎಸೆದಳು.

ಜೀವ ಉಳಿಯಿತು. ಒಂದು ಕಿವಿ ಹೋಯಿತು, ಕತ್ತಿನ ಚರ್ಮ ಮುದುಡಿತು. ದಲ್ಲಾಳಿಯ ಕಡೆಯವರೇ ಹೊಡೆದರು ಅಂತ ಹೇಳು ಎಂದು ಓಣಿಯೆಲ್ಲ ಗೋಗರೆದರೂ ಅವನು ಪೊಲೀಸರಿಗೆ, "ಪೆಟ್ಟಿಗೆ ಮೇಲೆ ನಾನೇ ಬಿದ್ದೆ" ಎಂದ. ಇಷ್ಟು ರಕ್ತ ಕಂಡು ಬಹುಮಹಡಿ ಕಟ್ಟಿಸುವ ಕಂಪನಿಯವರು ಗೂಟ ಕಿತ್ತುಕೊಂಡು ಬೇರೆ ಜಾಗ ಹುಡುಕಿ ಹೋದರು. ಎಲ್ಲಾ ನನ್ನ ಅರ್ಜಿಯ ಮಹಿಮೆ ಅಂದರು ಮೇಷ್ಟ್ರು. ಅವರ ಬಾಯಿಗಿಷ್ಟು ಮಣ್ಣು ಹಾಕ!

"ನಿನ್ನ ತಪ್ಪಲ್ಲ ಅಕ್ಕಾ" ಎಂದು ತಮ್ಮ ಎಷ್ಟೋ ಸಲ ಹೇಳಿದ. ಮನಸ್ಸಿನಿಂದಲೇ ಹೇಳಿದ. ಆದರೆ ಅವಳು ಪೆಟ್ಟಿಗೆ ಎತ್ತಿದಾಗಲೆಲ್ಲ ಅವನ ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು, ಮೈ ಗೋಡೆಗೆ ಸರಿಯುತ್ತಿತ್ತು. ಅವಳು ಅದನ್ನು ನೋಡಿದಳು. ಒಂದು ದಿನ ಉರಿಯುವ ಕೆಂಡಕ್ಕೆ ನೀರು ಸುರಿದು, ಇಸ್ತ್ರಿಗೆ ಬಂದ ಬಟ್ಟೆ ಗಂಟುಗಳನ್ನೆಲ್ಲ ವಾಪಸು ಕಳಿಸಿದಳು.

ಮರುದಿನ ಅವನೇ ಚೀಲ ತುಂಬಿಕೊಂಡ. "ನಾನಿದ್ರೆ ನೀನು ಕೆಲ್ಸ ಮಾಡಲ್ಲ. ಲಾರಿಯಲ್ಲೇ ಮಲಗ್ತೀನಿ ಬಿಡು."

"ಅಂಗಿ ಮುದ್ದೆಯಾಗಿದೆ ಕಣೋ" ಅಂದಳು ಅಕ್ಕ. ಪೆಟ್ಟಿಗೆಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಅವನು ಮುದ್ದೆಯಾದ ಅಂಗಿಯಲ್ಲೇ ಹೋದ.