ಬೂದಣ್ಣನ ಬೆಟ್ಟ, ಬಣ್ಣದಕ್ಕನ ಕೆರೆ

ಬೀದಿಗೆ ಇನ್ನೂ ಸರಿಯಾಗಿ ಬೆಳಕು ಇಳಿದಿಲ್ಲ. ಮನೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಕೆಂಪು ಬಲ್ಬೊಂದು ಮಂಕಾಗಿ ಉರಿಯುತ್ತಿದೆ. ಕಿಟಕಿಗೆ ಹೊಡೆದ ಕಪ್ಪು ಬಟ್ಟೆ, ಮೂಗಿಗೆ ಅಡರುವ ಹುಳಿ ವಾಸನೆ, ಮೇಜಿನ ಮೇಲೆ ಸಾಲಾಗಿಟ್ಟ ಪ್ಲಾಸ್ಟಿಕ್ ತಟ್ಟೆಗಳು. ಫೋಟೊ ಹಿಗ್ಗಿಸುವ ಯಂತ್ರದಿಂದ ಕಾಗದದ ಮೇಲೆ ಬೀಳುತ್ತಿರುವ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಹಿಟ್ಟು ಜರಡಿ ಹಿಡಿಯುವವರ ಹಾಗೆ ಮೆಲ್ಲಗೆ ಅಲ್ಲಾಡಿಸುತ್ತಿದ್ದಾರೆ ಬೂದಣ್ಣ.

“ಬೆಟ್ಟಕ್ಕೆ ಸಾಕು. ಆಕಾಶಕ್ಕೆ ಇನ್ನೊಂಚೂರು ಬೇಕು,” ಎಂದು ತಮಗೇ ಹೇಳಿಕೊಳ್ಳುತ್ತಾರೆ. ಕಾಗದವನ್ನು ತಟ್ಟೆಯ ದ್ರವದಲ್ಲಿ ಮುಳುಗಿಸಿ ತೂಗುತ್ತಾರೆ. ಮೊದಲು ಏನೂ ಇಲ್ಲ. ಆಮೇಲೆ ಬಂಡೆಯೊಂದರ ಅಂಚು, ಅದರ ಹಿಂದೆ ಇಳಿಜಾರು, ಕಡೆಗೆ ಒಲ್ಲದ ಮನಸ್ಸಿನಿಂದ ಬಂದಂತೆ ಮೋಡ.

“ಇಷ್ಟು ವರ್ಷ ಆಯ್ತು, ಈಗ್ಲೂ ಬೆಟ್ಟ ಮೂಡೋವಾಗ ಉಸಿರು ಬಿಗಿಹಿಡೀತೀನಿ ನೋಡಿ,” ಎನ್ನುತ್ತಾರೆ.

ಡಿಜಿಟಲ್ ಕಾಲದಲ್ಲೂ ಫಿಲಂ ಕ್ಯಾಮೆರಾ ಹೆಗಲಿಗೇರಿಸಿ ಬೆಟ್ಟ, ಕೆರೆ, ಬಯಲು ಸುತ್ತುವ ಹುಚ್ಚರು ಅಲ್ಲಲ್ಲಿ ಇದ್ದಾರೆ. ಅವರ ಚಿತ್ರಗಳು ಪ್ರದರ್ಶನದಲ್ಲಿ ತೂಗುತ್ತವೆ, ಅವರ ಹೆಸರು ಕೆಳಗೆ ಇರುತ್ತದೆ. ಆ ಚಿತ್ರವನ್ನು ನೆಗೆಟಿವಿನಿಂದ ಕಾಗದಕ್ಕೆ ಇಳಿಸಿದ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಕಪ್ಪು ಬಿಳುಪಿನದಾದರೆ ಆ ಕೈ ಬೂದಣ್ಣನದು. ಬಣ್ಣದ್ದಾದರೆ ಅವರ ಹೆಂಡತಿಯದು. ಗಿರಾಕಿಗಳ ಬಾಯಲ್ಲಿ ಆಕೆ ಬಣ್ಣದಕ್ಕ.

ಗಂಡ ಕಪ್ಪು ಬಿಳುಪಿಗೆ ಅಂಟಿಕೊಂಡಿರುವುದು ಹಟದಿಂದಲ್ಲ. ಬೂದಣ್ಣನಿಗೆ ಹುಟ್ಟಿನಿಂದಲೇ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ, ಎರಡೂ ಒಂದೇ ಬಗೆಯ ಮಾಸಲು ಕಂದು. ಕೆಲಸಕ್ಕೆ ಸೇರಿದ ಸ್ಟುಡಿಯೋದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಬಣ್ಣದ ಯಂತ್ರ ಬಂದ ಮೇಲೆ ಗುಟ್ಟು ರಟ್ಟಾಯಿತು. ಕ್ಯಾಲೆಂಡರಿಗೆಂದು ಕೊಟ್ಟ ಬೆಟ್ಟದ ಚಿತ್ರವನ್ನು ಅವರು ಮುದ್ರಿಸಿದರೆ ಹುಲ್ಲುಗಾವಲೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

“ಮಾಲೀಕರು ಹೊಟ್ಟೆ ಹಿಡ್ಕೊಂಡು ನಕ್ರು. ನಾನೂ ನಕ್ಕೆ. ತಿಂಗಳು ಕಳೆಯೋದ್ರೊಳಗೆ ಮನೆಗೆ ಕಳಿಸಿದ್ರು. ಬೂದಣ್ಣ ಅನ್ನೋ ಹೆಸರು ಅಲ್ಲಿಯವರು ಕೊಟ್ಟ ಕಾಣಿಕೆ. ಅದೊಂದು ಮಾತ್ರ ಇವತ್ತಿಗೂ ಬಾಳಿಕೆ ಬಂದಿದೆ.”

ಅದೇ ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಚಿತ್ರಗಳಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದ ಹುಡುಗಿಯೊಬ್ಬಳಿದ್ದಳು. ಯಂತ್ರವೇ ಬಣ್ಣ ಕೊಡುವಾಗ ಕುಂಚ ಯಾರಿಗೆ ಬೇಕು? ಅವಳ ಕೆಲಸವೂ ಹೋಯಿತು. “ಬಣ್ಣ ಬಂದು ಇಬ್ಬರನ್ನೂ ಬೀದಿಗೆ ಹಾಕ್ತು. ಆಮೇಲೆ ಒಂದೇ ಮನೆಗೆ ತಂದು ಸೇರಿಸ್ತು,” ಎಂದು ಬಣ್ಣದಕ್ಕ ನಗುತ್ತಾರೆ. ಮದುವೆಯಾದ ಮೇಲೆ ಆಕೆ ಹಟ ಹಿಡಿದು ಬಣ್ಣದ ಮುದ್ರಣ ಕಲಿತರು. ಕೆಲ ವರ್ಷ ಗಂಡ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿದರು, ಹೆಂಡತಿ ಪಾಸ್‌ಪೋರ್ಟ್ ಫೋಟೊ ಕತ್ತರಿಸಿದರು. ಮೂಲೆಗೆ ಬಿದ್ದ ಹಳೆಯ ಯಂತ್ರವೊಂದನ್ನು ಯಾರೋ ಬಿಟ್ಟಿಗೆ ಕೊಟ್ಟ ದಿನ ಈ ಕೋಣೆ ಹುಟ್ಟಿತು.

ಇರುವುದು ಒಂದೇ ಕೋಣೆ. ಮುಂಜಾನೆ ಗಂಡನದು, ಮಧ್ಯಾಹ್ನ ಹೆಂಡತಿಯದು. ಬಣ್ಣದ ಕಾಗದಕ್ಕೆ ಕೆಂಪು ಬಲ್ಬೂ ಆಗದು. ಹಾಗಾಗಿ ಬಣ್ಣದಕ್ಕ ದುಡಿಯುವುದು ಗಾಢ ಕತ್ತಲೆಯಲ್ಲಿ, ಕೈ ತಡವುತ್ತ. ಬಣ್ಣ ಕಾಣದವರಿಗೆ ದೀಪ, ಬಣ್ಣ ಕಾಣುವವರಿಗೆ ಕತ್ತಲೆ. ಈ ಮಾತು ತೆಗೆದರೆ ಇಬ್ಬರೂ ನಗುತ್ತಾರೆ.

ಯಾವ ಫಿಲಂ ಹಾಕಲಿ ಎಂದು ಕೇಳಿಕೊಂಡು ಬರುವವರಿಗೆ ಬೂದಣ್ಣನ ಉತ್ತರ ಸಿದ್ಧವಿದೆ. “ಮಂಜು, ಬಂಡೆ, ನೆರಳು ಇದ್ರೆ ನನ್ನ ಹತ್ರ ಬನ್ನಿ. ಎಲೆ ಹಣ್ಣಾಗಿದ್ರೆ, ಹೂವು ಬಿಟ್ಟಿದ್ರೆ ಅವಳ ಹತ್ರ ಹೋಗಿ.” ಒಳಗೊಳಗೆ ಮಾತ್ರ ಬಣ್ಣವೆಂದರೆ ಬರೀ ಶೋಕಿ ಎಂದೇ ಅವರು ನಂಬಿದ್ದರಂತೆ. ಆ ನಂಬಿಕೆ ಸಡಿಲವಾದದ್ದು ಕಳೆದ ವರ್ಷ.

ಅವರ ಹಳೆಯ ಗಿರಾಕಿಯೊಬ್ಬರು ದರ್ಜಿ. ರಜೆ ಸಿಕ್ಕರೆ ಸಾಕು, ಹೆಂಡತಿಯನ್ನೂ ಹೊರಡಿಸಿಕೊಂಡು ಕ್ಯಾಮೆರಾ ಸಮೇತ ಊರು ಬಿಡುತ್ತಿದ್ದವರು. ಬದುಕಿಡೀ ತೆಗೆದದ್ದು ಕಪ್ಪು ಬಿಳುಪು. ಅವರು ತೀರಿಕೊಂಡು ಹಲವು ವರ್ಷಗಳಾದ ಮೇಲೆ ಕಪಾಟು ತೆರವು ಮಾಡುವಾಗ ಹೆಂಡತಿಗೆ ಕ್ಯಾಮೆರಾ ಸಿಕ್ಕಿತು. ಒಳಗೆ ರೀಲು ಇತ್ತು. ಅದು ಬಣ್ಣದ್ದು.

“ನಿಮ್ಮ ಕೆರೆಗೆ ಬಣ್ಣಾನೇ ಇಲ್ವೇನ್ರೀ ಅಂತ ಯಾವಾಗ್ಲೂ ರೇಗಿಸ್ತಿದ್ದೆ ಅಣ್ಣ. ನನಗೋಸ್ಕರ ಒಂದ್ಸಲ ಕಲರ್ ಹಾಕಿದಾರೆ, ನನಗೇ ಹೇಳಿಲ್ಲ,” ಎಂದು ಆಕೆ ರೀಲನ್ನು ಮೇಜಿನ ಮೇಲಿಟ್ಟರು.

ರೀಲು ತೊಳೆದರೆ ಬಹುಪಾಲು ಹಾಳಾಗಿತ್ತು. ಉಳಿದದ್ದು ಒಂದೇ ಚಿತ್ರ, ಜೊಂಡು ಬೆಳೆದ ಕೆರೆಯ ದಡ. ಬಣ್ಣದಕ್ಕ ವಾರವಿಡೀ ಗುದ್ದಾಡಿದರು. ನೀರು ರಾಡಿಯಾಗಿಯೇ ಬಂತು, ನೆರಳಿಗೆಲ್ಲ ತುಕ್ಕು ಹಿಡಿದಂತಿತ್ತು. ಇತ್ತ ಬೂದಣ್ಣ ಹೆಂಡತಿಗೆ ಹೇಳದೆ ಅದೇ ನೆಗೆಟಿವನ್ನು ಕಪ್ಪು ಬಿಳುಪು ಕಾಗದಕ್ಕೆ ಇಳಿಸಿದರು. ಕೆರೆ ಕನ್ನಡಿಯಂತೆ ಹೊಳೆಯಿತು.

“ನಂದೇ ಚೆನ್ನಾಗಿದೆ, ಇದನ್ನೇ ಕೊಡೋಣ ಅಂದೆ.”

“ಅವರು ಕೇಳಿದ್ದು ಕಲರ್. ಅದರಲ್ಲಿ ಒಂದು ಚೂರು ಕೆಂಪು ಇದೆ, ಅದು ಏನು ಅಂತ ನಂಗೊತ್ತಿಲ್ಲ, ಆದ್ರೆ ಅದನ್ನ ಸಾಯಿಸ್ಬೇಡಿ ಅಂದೆ,” ಎಂದು ಹೆಂಡತಿ ನಡುವೆ ಬಾಯಿ ಹಾಕುತ್ತಾರೆ. ಕಡೆಗೆ ಎರಡನ್ನೂ ತೋರಿಸುವುದೆಂದಾಯಿತು.

ದರ್ಜಿಯ ಹೆಂಡತಿ ಮೊದಲು ಕೈಗೆತ್ತಿಕೊಂಡದ್ದು ಕಪ್ಪು ಬಿಳುಪಿನದನ್ನೇ. “ಥೇಟ್ ಅವರು ತೆಗೆದಂಗೇ ಇದೆ,” ಎಂದರು. ಬೂದಣ್ಣ ಹಿಗ್ಗಿದರು. ಆಕೆ ಇನ್ನೊಂದನ್ನು ತಿರುಗಿಸಿ ನೋಡಿದರು, ಬಾಯಿಗೆ ಕೈ ಹೋಯಿತು.

“ಅಯ್ಯೋ, ಇದು ನನ್ನ ಕೊಡೆ! ಇಲ್ಲಿ ಕೂತಿರೋದು ನಾನೇ!”

ಹಸಿರು ಜೊಂಡಿನ ನಡುವೆ ಉಗುರಿನಷ್ಟು ಕೆಂಪು ಕೊಡೆ. ಬೂದಣ್ಣನ ಚಂದದ ಚಿತ್ರದಲ್ಲಿ ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ, ಕೊಡೆಯ ಜೊತೆಗೆ ಆಕೆಯೂ ಜೊಂಡಿನೊಳಗೆ ಕರಗಿಹೋಗಿದ್ದರು. ಬಣ್ಣದ ಚಿತ್ರವನ್ನು ಕೈಯಲ್ಲಿ ಹಿಡಿದರೂ ಬೂದಣ್ಣನಿಗೆ ಕೊಡೆ ಕಾಣಲಿಲ್ಲ. ಬಣ್ಣದಕ್ಕ ಅದರ ಮೇಲೆ ಬೆರಳಿಟ್ಟು, “ಇಲ್ನೋಡಿ, ಇಲ್ಲಿದಾರೆ,” ಎಂದು ತೋರಿಸಬೇಕಾಯಿತು. ಆ ತಾಯಿ ರಾಡಿ ನೀರಿನ ಬಣ್ಣದ ಕೆರೆಯನ್ನೇ ಎದೆಗವಚಿಕೊಂಡು ಹೋದರು.

“ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ? ಅಷ್ಟು ಚೆನ್ನಾಗಿ ಬಂದಿತ್ತು,” ಎನ್ನುತ್ತಾರೆ ಬೂದಣ್ಣ. “ಆದ್ರೆ ಸಂಜೆ ಹೊತ್ತಿಗೆ ಖುಷಿನೂ ಆಯ್ತು. ಇವಳು ಇಲ್ದಿದ್ರೆ ನಾನು ಆ ಹೆಣ್ಮಗಳನ್ನ ಅಳಿಸಿ, ಚೆನ್ನಾಗಿದೆ ತಗೊಳ್ಳಿ ಅಂತ ಕೊಟ್ಬಿಡ್ತಿದ್ದೆ.”

ಅಂದಿನಿಂದ ಬಣ್ಣದ ಮೇಲೆ ಅವರು ತಕರಾರು ಎತ್ತಿಲ್ಲ. ಕಪ್ಪು ಬಿಳುಪಿನ ಮೇಲಿನ ಪ್ರೀತಿ ಗುಲಗಂಜಿಯಷ್ಟೂ ಇಳಿದಿಲ್ಲ. ಕೆಲಸ ಮೊದಲಿನಷ್ಟಿಲ್ಲ, ಕಾಗದ ಸಿಗುವುದೂ ಕಷ್ಟ. ಆದರೂ ಬಾಗಿಲು ಬಡಿಯುವವರು ಇದ್ದೇ ಇದ್ದಾರೆ, ಇಬ್ಬರ ಹೊಟ್ಟೆ ಬಟ್ಟೆಗೆ ಸಾಲುತ್ತದೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಬೂದಣ್ಣ ಒದ್ದೆ ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ. “ಊರವರ ಬೆಟ್ಟಾನೆಲ್ಲ ನಾವಿಬ್ರೂ ತೊಳೆದು ಒಣಗಿಸಿದ್ದಾಯ್ತು. ಒಂದಕ್ಕೂ ಹತ್ತಿಲ್ಲ. ಒಂದ್ಸಲ ಹೋಗ್ಬೇಕು.”

“ಹೋಗೋಣ,” ಎನ್ನುತ್ತಾರೆ ಬಣ್ಣದಕ್ಕ. “ಅದು ಯಾವ ಬಣ್ಣ, ಇದು ಯಾವ ಬಣ್ಣ ಅಂತ ದಾರಿಯುದ್ದಕ್ಕೂ ಕೇಳ್ತಾ ನಿಂತ್ರೆ ಹತ್ತೋದು ಯಾವಾಗ?”

“ನೀನು ಹೇಳ್ತಾ ಬಾ. ನಿಧಾನಕ್ಕೆ ಹತ್ತೋಣ.”