ನಲವತ್ತೊಂದನೇ ನಂಬರಿನ ಹಾಜರಿ

1999ರಲ್ಲಿ ನಾನು ಹೂವಿನಹಡಗಲಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಪಾಠದ ಜೊತೆಗೆ ವಿದ್ಯಾರ್ಥಿ ಕ್ಷೇಮಪಾಲನೆಯ ಹೊಣೆಯೂ ನನ್ನದಾಗಿತ್ತು. ವರಾಂಡದಲ್ಲಿ ಒಂದು ತಗಡಿನ ಪೆಟ್ಟಿಗೆ ಇಡಿಸಿದ್ದೆ. ಮಕ್ಕಳು ಹೆಸರಿಲ್ಲದ ಚೀಟಿಯಲ್ಲಿ ತಮ್ಮ ಚಿಂತೆ ಬರೆದು ಹಾಕುತ್ತಿದ್ದರು. ಸೋಮವಾರ ನಾನು ನೋಟಿಸ್ ಬೋರ್ಡಿಗೆ ಉತ್ತರ ಅಂಟಿಸುತ್ತಿದ್ದೆ. ಓದಿದ್ದು ನೆನಪಿರುವುದಿಲ್ಲ, ಹಾಸ್ಟೆಲಿನಲ್ಲಿ ಮನೆ ನೆನಪಾಗುತ್ತದೆ, ಬಿ.ಎ. ಆದಮೇಲೆ ಮುಂದೇನು, ಇಂಥವೇ ಹೆಚ್ಚು. ಉತ್ತರ ಓದಲು ಗುಂಪು ಸೇರುವುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿ ಒಳಗೊಳಗೇ ಬೀಗುತ್ತಿದ್ದೆ.

ಒಂದು ವಾರ ದುಂಡಗಿನ ಅಕ್ಷರದ ಚೀಟಿಯೊಂದು ಬಂತು: ‘ಹೇಳಬೇಕೆಂದರೂ ಬಾಯಿಂದ ಮಾತು ಬರುವುದಿಲ್ಲ. ಏನು ಮಾಡಲಿ ಮೇಡಂ?’ ಹಿಂಜರಿಕೆ ಬಿಡು, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು ಎಂದು ಎರಡೇ ಸಾಲಿನಲ್ಲಿ ಮುಗಿಸಿದೆ.

ಪರೀಕ್ಷೆ ಹತ್ತಿರವಾದಾಗ ಶಾರ್ಟೇಜ್ ಪಟ್ಟಿ ಹಾಕಿದೆವು. ಯಾವುದೇ ವಿಷಯದಲ್ಲಿ ಶೇಕಡಾ 75ರಷ್ಟು ಹಾಜರಿ ಇಲ್ಲದವರಿಗೆ ಪರೀಕ್ಷೆ ಬರೆಯಲು ಅವಕಾಶವಿರಲಿಲ್ಲ. ನನ್ನ ವಿಷಯದಲ್ಲಿ ಮೈಲಾರದ ಶಾಹಿದಾಳ ಹೆಸರಿತ್ತು, ರೋಲ್ ನಂಬರ್ 41. ಮರುದಿನ ಪಂಪ್‌ಸೆಟ್ ರಿಪೇರಿ ಮಾಡುವ ಅವಳ ತಂದೆ ಮಗಳನ್ನು ಕರೆದುಕೊಂಡೇ ಬಂದರು.

“ದಿನಾ ನಾನ ಬಸ್ ಹತ್ತಿಸ್ತೀನ್ರಿ ಮೇಡಂ. ಇಲ್ಲಿಗೆ ಬಂದಿಲ್ಲ ಅಂದ್ರ ಎಲ್ಲಿಗೆ ಹೋಗ್ಯಾಳ ಹೇಳ್ರಿ,” ಎಂದರು. ಉತ್ತರ ಸಿಗದಿದ್ದರೆ ಓದು ಬಿಡಿಸುವುದೆಂದು ಮನೆಯಲ್ಲಿ ಮಾತಾಗಿತ್ತಂತೆ.

ಶಾಹಿದಾ ಏನೋ ಹೇಳಲು ಹೋದಳು. ತುಟಿ ಅಲುಗಿತು, ಕುತ್ತಿಗೆಯ ನರ ಬಿಗಿಯಿತು, ದನಿ ಬರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. ಪ್ರತಿ ಪಾಠಕ್ಕೂ ತಾರೀಖು ಹಾಕಿದ್ದಳು. ನನ್ನ ಡೈರಿ ತೆಗೆದು ತಾಳೆ ನೋಡಿದೆ. ನಾನು ಗೈರು ಎಂದು ಗುರುತು ಹಾಕಿದ ದಿನಗಳ ಪಾಠವೂ ಅಲ್ಲಿತ್ತು. ಚೀಟಿಯ ಅದೇ ದುಂಡಗಿನ ಅಕ್ಷರ.

ನಾನು ತಲೆ ಎತ್ತದೆ ನಂಬರು ಕೂಗುತ್ತಿದ್ದೆ. ಅವಳ ‘ಯೆಸ್ ಮೇಡಂ’ ಗಂಟಲಲ್ಲಿ ಸಿಕ್ಕಿಕೊಂಡಿರುವಾಗಲೇ ನಲವತ್ತೆರಡಕ್ಕೆ ಹೋಗಿಬಿಡುತ್ತಿದ್ದೆ.

ತಪ್ಪು ನನ್ನದು ಎಂದು ಇಬ್ಬರಿಗೂ ಹೇಳಿದೆ. ತಂದೆ ಆ ನೋಟ್‌ಬುಕ್ಕಿನ ತಾರೀಖುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, “ಮನ್ಯಾಗೂ ಆಕಿ ಮಾತು ತಡಾ ಆಗಿ ಬರ್ತಾವ್ರಿ. ನಾವು ಕಾಯ್ತೀವ್ರಿ,” ಎಂದರು.

ಅಂದೇ ಪ್ರಿನ್ಸಿಪಾಲರಿಗೆ ತಪ್ಪೊಪ್ಪಿಗೆ ಬರೆದು, ನೋಟ್‌ಬುಕ್ಕನ್ನೂ ಡೈರಿಯನ್ನೂ ಒಪ್ಪಿಸಿದೆ. ನನ್ನನ್ನು ಗದರಿಸಿಕೊಂಡೇ ಅವರು ಪಟ್ಟಿಯಿಂದ ಹೆಸರು ತೆಗೆಸಿದರು. ಇನ್ನು ಮುಂದೆ ಕೈ ಎತ್ತಿದರೆ ಸಾಕು ಎಂದು ನಾನು ಶಾಹಿದಾಳಿಗೆ ಹೇಳಹೊರಟಿದ್ದೆ. ತಡೆದುಕೊಂಡು, ನಿನಗೆ ಹೇಗೆ ಬೇಕು ಎಂದು ಕೇಳಿದೆ. ಅವಳು ಹೇಳಿ ಮುಗಿಸುವವರೆಗೆ ಸುಮ್ಮನಿದ್ದೆ.

“ನಾನ... ಹೇಳ್ತೀನ್ರಿ. ನೀವು ಸ್ವಲ್ಪ... ನಿಲ್ರಿ.”

ಮರುದಿನ ನಲವತ್ತೊಂದು ಎಂದು ಕರೆದು, ಪೆನ್ನು ಕೆಳಗಿಟ್ಟು ಅವಳ ಕಡೆ ನೋಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಅವಳ ಉತ್ತರ ಬಂತು, ಪೂರ್ತಿಯಾಗಿ. ಆ ಸಲದ ಪರೀಕ್ಷೆಯನ್ನು ಅವಳು ಬರೆದಳು, ಪಾಸೂ ಆದಳು.

ಆಮೇಲೂ ಎಷ್ಟೋ ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ್ದೇನೆ. ಆದರೆ ಎದುರಿಗಿರುವವರ ಮಾತು ಮುಗಿದಿದೆಯೇ ಎಂದು ಕೇಳದೆ ಹೇಳಿಲ್ಲ. ಆ ಬೆಳಿಗ್ಗೆ ನಾನು ಕಾದದ್ದು ಹೆಚ್ಚೆಂದರೆ ಐದಾರು ಸೆಕೆಂಡು. ವರ್ಷವಿಡೀ ಅಷ್ಟನ್ನೂ ನಾನು ಆ ಹುಡುಗಿಗೆ ಕೊಟ್ಟಿರಲಿಲ್ಲ.